ನಡುಗೆರೆಯ ಮೇಲಿನ ಚಳಿ: ವಾಯುಮಂಡಲದ ಪದರಗಳ ಶೋಧನೆಯಲ್ಲಿ ಉಷ್ಣವಲಯದ ಪಾಲು

ವಾಯುಮಂಡಲದಲ್ಲಿ ಪದರಗಳಿವೆ ಎಂದು ಕಂಡುಕೊಂಡ ಕತೆಯನ್ನು ಸಾಮಾನ್ಯವಾಗಿ 1902ಕ್ಕೆ ತಂದು ಮುಗಿಸುತ್ತಾರೆ. ಆ ವರ್ಷ ಫ್ರಾನ್ಸಿನ ಲಿಯೋನ್ ತೆಸ್ರಾಂ ದ ಬೋರ್ ಮತ್ತು ಜರ್ಮನಿಯ ರಿಚರ್ಡ್ ಆಸ್ಮಾನ್, ಕೆಲವೇ ದಿನಗಳ ಅಂತರದಲ್ಲಿ, ಈಗ ನಾವು ಸಮೋಷ್ಣ ಮಂಡಲ ಎನ್ನುವ ಪದರದ ಸುದ್ದಿ ಕೊಟ್ಟರು. ಆದರೆ ಅವರು ಅಳೆದದ್ದು ಯುರೋಪಿನ ನೆತ್ತಿಯ ಮೇಲಿನ ಗಾಳಿಯನ್ನು. ಆ ಪದರದ ತಳ ಭೂಮಿಯ ಸುತ್ತ ಹೇಗೆ ಏರಿಳಿಯುತ್ತದೆ ಎಂಬುದು ತಿಳಿಯಲು ಇನ್ನೂ ಕಾಲು ಶತಮಾನ ಹಿಡಿಯಿತು. ಆ ಕೆಲಸದಲ್ಲಿ ಆಗ್ರಾದ ಮೇಲ್ಗಾಳಿ ಅಧ್ಯಯನದ ನೆಲೆಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬುದು ನನ್ನ ವಾದ.

ಮೊದಲು ಹುಡುಕಿದ್ದು ಬೇರೆ ದಾರಿಯಲ್ಲಿ. 1804ರಲ್ಲಿ ಗೇ-ಲುಸಾಕ್ ಬಲೂನಿನಲ್ಲಿ 7,000 ಮೀಟರಿಗೂ ಮೇಲೇರಿ ಗಾಳಿಯನ್ನು ತುಂಬಿಸಿಕೊಂಡು ಬಂದ. ಪರೀಕ್ಷಿಸಿ ನೋಡಿದರೆ ಆಮ್ಲಜನಕದ ಪಾಲು ಪ್ಯಾರಿಸಿನ ಬೀದಿಯಲ್ಲಿದ್ದಷ್ಟೇ. ಒಣಗಾಳಿಯಲ್ಲಿ ಸಾರಜನಕ ಶೇ. 78, ಆಮ್ಲಜನಕ ಶೇ. 21, ಆರ್ಗಾನ್ ಶೇ. 0.93 ಎಂಬ ಈ ಹದ ಸುಮಾರು 80 ಕಿ.ಮೀ.ವರೆಗೂ ಹೆಚ್ಚುಕಡಿಮೆ ಕದಲುವುದಿಲ್ಲ. ಹಾಗಾಗಿ ಮುಖ್ಯ ಅನಿಲಗಳನ್ನು ಅಳೆದು ಪದರ ಹುಡುಕುವಂತಿರಲಿಲ್ಲ. ಗುಟ್ಟು ಇದ್ದದ್ದು ಉಷ್ಣತೆಯಲ್ಲಿ. ಅದನ್ನು ಅಳೆಯಲು ಮನುಷ್ಯರೇ ಹೋದಾಗ ಆದ ಅನಾಹುತ ಕಡಿಮೆಯದಲ್ಲ. 1862ರಲ್ಲಿ ಜೇಮ್ಸ್ ಗ್ಲೇಶರ್ ಮೇಲೆಯೇ ಪ್ರಜ್ಞೆ ತಪ್ಪಿದ. 1875ರಲ್ಲಿ ‘ಜೆನಿತ್’ ಬಲೂನಿನಲ್ಲಿ ಹೋದ ಮೂವರಲ್ಲಿ ಇಬ್ಬರು ಹೆಣವಾಗಿ ಇಳಿದರು. ಮುಂದೆ 1890ರ ದಶಕದಲ್ಲಿ ಉಪಕರಣವನ್ನಷ್ಟೇ ಹೊತ್ತ ಬಲೂನುಗಳು ಬಂದವು.

ತೆಸ್ರಾಂ ದ ಬೋರ್ ಪ್ಯಾರಿಸಿನ ಹತ್ತಿರದ ತ್ರಾಪ್‌ನಲ್ಲಿ 1896ರಲ್ಲಿ ಸ್ವಂತ ದುಡ್ಡಿನಿಂದ ವೀಕ್ಷಣಾಲಯ ಕಟ್ಟಿಸಿದ. ವಾರ್ನಿಶ್ ಬಳಿದ ಕಾಗದದ ಬಲೂನು. ಅದಕ್ಕೆ ತೂಗುಹಾಕಿದ ಪುಟ್ಟ ಯಂತ್ರ. ಯಂತ್ರದೊಳಗೆ ಮಸಿ ಹಿಡಿಸಿದ ಉರುಳೆಯ ಮೇಲೆ ಒತ್ತಡವನ್ನೂ ಉಷ್ಣತೆಯನ್ನೂ ಗೀಚುವ ಮುಳ್ಳುಗಳು. ಬಲೂನು ಎಲ್ಲಿಯೋ ಹೊಲದಲ್ಲಿ ಬಿದ್ದು, ಯಾರೋ ಎತ್ತಿಕೊಂಡು ಕಳಿಸಿದರೆ ಮಾತ್ರ ಆ ಗೀಟು ವಿಜ್ಞಾನಿಯ ಕೈಸೇರುತ್ತಿತ್ತು. ಸುಮಾರು 11 ಕಿ.ಮೀ. ದಾಟಿದೊಡನೆ ಇಳಿಯುತ್ತಿದ್ದ ಉಷ್ಣತೆಯ ಗೀಟು ಅಡ್ಡಕ್ಕೆ ತಿರುಗಿತು. ಆತ ಮೊದಲು ಅನುಮಾನಿಸಿದ್ದು ತನ್ನ ಉಪಕರಣವನ್ನೇ. ಎತ್ತರದಲ್ಲಿ ಗಾಳಿ ತೆಳು, ಬಿಸಿಲು ಚುರುಕು; ಉಷ್ಣತಾಮಾಪಕವೇ ಕಾದು ಸುಳ್ಳು ಹೇಳುತ್ತಿರಬಹುದಲ್ಲವೇ? ಅದಕ್ಕೇ ರಾತ್ರಿ ಹೊತ್ತು ಬಲೂನು ಬಿಟ್ಟ. ಗೀಟು ಬದಲಾಗಲಿಲ್ಲ. 236 ಬಲೂನುಗಳನ್ನು ಹಾರಿಸಿ, ಅವುಗಳಲ್ಲಿ 74 ಬಲೂನುಗಳು 14 ಕಿ.ಮೀ. ಮುಟ್ಟಿದ ಮೇಲಷ್ಟೇ 1902ರ ಏಪ್ರಿಲ್‌ನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಬಾಯಿಬಿಟ್ಟ. ಈ ತಾಳ್ಮೆಯೇ ಅವನ ದೊಡ್ಡ ಸಾಧನೆ ಎನ್ನುತ್ತೇನೆ. ಆಸ್ಮಾನ್‌ಗೆ ನೆರವಾದದ್ದು ರಬ್ಬರ್ ಬಲೂನು: ಮೇಲೇರಿದಂತೆ ಅದು ಉಬ್ಬುತ್ತದೆ, ವೇಗ ಕುಂದುವುದಿಲ್ಲ, ಹಾಗಾಗಿ ಉಷ್ಣತಾಮಾಪಕಕ್ಕೆ ಗಾಳಿಯಾಡುತ್ತಲೇ ಇರುತ್ತದೆ.

ಯುರೋಪಿನ ಈ ಅಳತೆಯಿಂದಲೇ ಇಡೀ ಭೂಮಿಯನ್ನು ಊಹಿಸಿದ್ದರೆ ತಪ್ಪಾಗುತ್ತಿತ್ತು. ನೆಲ ಬೆಚ್ಚಗಿರುವ ಕಡೆ ಮೇಲೂ ಬೆಚ್ಚಗಿರಬೇಕು ಎನಿಸುವುದು ಸಹಜ. 1908ರಲ್ಲಿ ಆರ್ಥರ್ ಬೆರ್ಸನ್ ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಬಳಿ ಬಲೂನು ಹಾರಿಸಿದಾಗ ಕಂಡದ್ದು ಬೇರೆ. ಅಲ್ಲಿ ಉಷ್ಣತೆ 11 ಕಿ.ಮೀ.ಗೆ ನಿಲ್ಲದೆ ಇಳಿಯುತ್ತಲೇ ಹೋಯಿತು. ಸಮಭಾಜಕ ವೃತ್ತದ ಮೇಲೆ, ಅದಕ್ಕೂ ಬಹಳ ಎತ್ತರದಲ್ಲಿ, ಯುರೋಪಿಗಿಂತ ಹೆಚ್ಚು ಚಳಿಯಿತ್ತು.

ಭಾರತದಲ್ಲಿ ಮೇಲ್ಗಾಳಿಯ ಅಧ್ಯಯನಕ್ಕೆ ಆಗ್ರಾದಲ್ಲಿ ಜೆ. ಎಚ್. ಫೀಲ್ಡ್ ನೆಲೆ ಕಟ್ಟಿದರು. ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಕೆ. ಆರ್. ರಾಮನಾಥನ್ 1925ರಲ್ಲಿ ಹವಾಮಾನ ಇಲಾಖೆ ಸೇರಿದರು. ಆಗ್ರಾದ ಬಲೂನುಗಳು ತಂದ ದಾಖಲೆಗಳನ್ನು ಬೇರೆ ಅಕ್ಷಾಂಶಗಳ ಅಳತೆಗಳ ಜೊತೆಗಿಟ್ಟು, ಧ್ರುವದಿಂದ ಸಮಭಾಜಕದವರೆಗಿನ ಉಷ್ಣತೆಯ ಒಂದು ಚಿತ್ರ ಬರೆದು 1929ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಭೂಮಿಯ ಮೇಲಣ ಅತಿ ತಣ್ಣನೆಯ ಗಾಳಿ ಸಮಭಾಜಕದ ಮೇಲೆ, ಸುಮಾರು 17 ಕಿ.ಮೀ. ಎತ್ತರದಲ್ಲಿ, ಚಪ್ಪಟೆ ಉಂಗುರದಂತೆ ಸುತ್ತಿಕೊಂಡಿದೆ ಎಂದು ಆ ಚಿತ್ರ ತೋರಿಸಿತು. ಕಾರಣ ಸರಳ: ಉಷ್ಣವಲಯದಲ್ಲಿ ಗಾಳಿ ಹೆಚ್ಚು ಎತ್ತರಕ್ಕೆ ಉಕ್ಕುತ್ತದೆ, ಏರಿದಷ್ಟೂ ಹಿಗ್ಗಿ ತಣ್ಣಗಾಗುತ್ತದೆ. ಅಲ್ಲಿ, ಸಮೋಷ್ಣ ಮಂಡಲದ ಕೆಳಗಿನ ಪದರವಾದ ಪರಿವರ್ತನ ಮಂಡಲದ ಮೇಲ್ಗಡಿಯಲ್ಲಿ, ಉಷ್ಣತೆ ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗೆ. ಧ್ರುವಗಳಲ್ಲಿ ಆ ಗಡಿ 8–9 ಕಿ.ಮೀ.ಗೇ ಸಿಗುತ್ತದೆ.

ಸಮೋಷ್ಣ ಮಂಡಲ ಹೆಸರಿಗೆ ತಕ್ಕಂತೆ ಒಂದೇ ಉಷ್ಣತೆಯದ್ದಲ್ಲ, ಮೇಲೆ ಬಿಸಿಯಾಗುತ್ತದೆ ಎಂಬುದನ್ನು 1920ರ ದಶಕದಲ್ಲಿ ವಿಜ್ಞಾನಿಗಳಾದ ಲಿಂಡೆಮನ್ ಮತ್ತು ಡಾಬ್ಸನ್ ಉಲ್ಕೆಗಳನ್ನು ನೋಡಿ ಊಹಿಸಿದರು. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರುವ ಓಜೋನ್ ಅದಕ್ಕೆ ಕಾರಣ. ಆ ಕತೆ ಬೇರೆಯೇ ದೊಡ್ಡದು.

ರಾಮನಾಥನ್ ತೋರಿಸಿದ ಆ ಚಳಿಯ ಉಂಗುರ ಗಾಳಿಯ ಸಂಯೋಜನೆಯನ್ನೂ ಬದಲಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮೇಲೆ ವಿಮಾನದಿಂದ ಅಳೆದಾಗ ಸಮೋಷ್ಣ ಮಂಡಲ ವಿಪರೀತ ಒಣಗಿರುವುದು ಕಂಡಿತು. ಅಲ್ಲಿನ ಗಡಿಯ ಚಳಿ ಅಷ್ಟೊಂದು ನೀರಾವಿಯನ್ನು ಹಿಂಡಲು ಸಾಲದು. ಗಾಳಿ ಉಷ್ಣವಲಯದಲ್ಲಿ ಮೇಲೇರಿ, ಆ ಕೊರೆಯುವ ಗಡಿಯಲ್ಲಿ ತೇವವನ್ನು ಹಿಮಕಣಗಳಾಗಿ ಕಳೆದುಕೊಂಡು, ಆಮೇಲೆ ಧ್ರುವಗಳತ್ತ ಹರಡುತ್ತದೆ ಎಂದು ಅಲನ್ ಬ್ರೂವರ್ 1949ರಲ್ಲಿ ವಾದಿಸಿದ. ಇಂದಿಗೂ ನಿಂತಿರುವ ವಿವರಣೆ ಇದೇ. ಹೀಗಿರುವಾಗ ಪದರಗಳ ಇತಿಹಾಸದಲ್ಲಿ ತ್ರಾಪ್‌ಗೆ ಒಂದು ಅಧ್ಯಾಯ, ಆಗ್ರಾಕ್ಕೆ ಒಂದು ಅಡಿಟಿಪ್ಪಣಿ ಎಂಬ ಹಂಚಿಕೆ ನ್ಯಾಯವಲ್ಲ.