ಟಾಗೋರರ ಮನೆಯ ಉಯಿಲು

ಹೋದ ತಿಂಗಳು ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ತೀರಿಕೊಂಡ ದೊಡ್ಡಪ್ಪನ ವಿಲ್ಲಿನದೇ ಮಾತು. "ಹೆತ್ತ ಮಗನ ಹೆಸರೇ ಇಲ್ಲ ಅಂದ್ರೆ ಏನರ್ಥ?" ಅಂತ ಅತ್ತೆ. "ಅಣ್ಣನ ಆಸ್ತಿ, ಅಣ್ಣನಿಷ್ಟ" ಅಂತ ಚಿಕ್ಕಪ್ಪ. ಕೋಡು ಕುಟ್ಟುವ ನನ್ನನ್ನು ಯಾರು ಕೇಳ್ತಾರೆ... ಕಾಫಿ ಕುಡಿದು ಎದ್ದು ಬಂದೆ. ಆದರೆ ತಲೆಯೊಳಗೆ ಹುಳ ಹೊಕ್ಕಿತ್ತು. ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ನೂರೈವತ್ತು ವರ್ಷಗಳ ಹಿಂದಿನ ಒಂದು ಜಗಳ.

ಕಲ್ಕತ್ತೆಯ ಪ್ರಸನ್ನಕುಮಾರ ಟಾಗೋರ್ ದೊಡ್ಡ ಜಮೀನ್ದಾರರು, ಹೆಸರಾಂತ ವಕೀಲರು. ರವೀಂದ್ರನಾಥರ ವಂಶದ್ದೇ ಇನ್ನೊಂದು ಕವಲು. ಅವರ ಒಬ್ಬನೇ ಮಗ ಜ್ಞಾನೇಂದ್ರಮೋಹನ 1851ರಲ್ಲಿ ಕ್ರೈಸ್ತನಾದ. ಮುಂದೆ ಇಂಗ್ಲೆಂಡಿಗೆ ಹೋಗಿ 1862ರಲ್ಲಿ ಬ್ಯಾರಿಸ್ಟರ್ ಆದ. ಅದೇ ವರ್ಷ ಇತ್ತ ಅಪ್ಪ ವಿಲ್ ಬರೆದರು, ಮಗನಿಗೆ ಇದರಲ್ಲಿ ಏನೇನೂ ಇಲ್ಲ ಅಂತ!

ಹಾಗೆ ಬರೆಯಬಹುದಾ? ಇಲ್ಲಿ ನಮ್ಮ ಕಡೆಯವರೊಬ್ಬರು ಬರುತ್ತಾರೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ (ಈಗಿನ ಬಸವಕಲ್ಯಾಣ) ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದವರು ನಡೆಯುತ್ತಿದ್ದದ್ದು ಜೀಮೂತವಾಹನನ 'ದಾಯಭಾಗ'ದಂತೆ. ಅದರಲ್ಲಿ ಅಪ್ಪ ಇರುವವರೆಗೆ ಮಗನಿಗೆ ಹಕ್ಕಿಲ್ಲ. ಹಾಗಾಗಿ ಬರೆಯಬಹುದಿತ್ತು.

ಎಡವಟ್ಟಾಗಿದ್ದು ಮುಂದಿನ ಸಾಲುಗಳಲ್ಲಿ. ಆಸ್ತಿ ಅಣ್ಣನ ಮಗ ಜತೀಂದ್ರಮೋಹನನಿಗೆ, ಅವನ ನಂತರ ಅವನ ಹಿರಿಯ ಮಗನಿಗೆ, ಆಮೇಲೆ ಅವನ ಹಿರಿಯ ಮಗನಿಗೆ... ಹೆಣ್ಣುಮಕ್ಕಳಿಗಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮುಗಿಯದ ಲೂಪು :). 'ವಿವಾದ ಚಿಂತಾಮಣಿ' ಎಂಬ ಧರ್ಮಶಾಸ್ತ್ರ ಗ್ರಂಥವನ್ನೇ ಇಂಗ್ಲಿಷಿಗೆ ತಂದಿದ್ದವರು ಹೀಗೆ ಬರೆದರಲ್ಲ, ಅದೇ ನನಗೆ ಆಶ್ಚರ್ಯ.

1868ರಲ್ಲಿ ಅವರು ತೀರಿಕೊಂಡರು. ಮಗ ಕೋರ್ಟಿಗೆ ಹೋದ. 1872ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. (ವಿಲ್ಲಿನ ತೀರ್ಪು ಬರೆದ ನ್ಯಾಯಾಧೀಶರ ಹೆಸರೂ ವಿಲ್ಸ್!) ವಿಲ್ ಬರೆದವನು ಸಾಯುವಾಗ ಇನ್ನೂ ಹುಟ್ಟಿರದವನಿಗೆ ಆಸ್ತಿ ಕೊಡಲು ಹಿಂದೂ ಕಾನೂನಿನಲ್ಲಿ ಬರುವುದಿಲ್ಲ, ಗಂಡು ಸಂತಾನಕ್ಕೆ ಮಾತ್ರ ಹರಿಯುವ ಇಂಗ್ಲಿಷ್ ಮಾದರಿಯ ವಾರಸಿಕೆಯೂ ನಡೆಯುವುದಿಲ್ಲ ಎಂದಿತು. ಇನ್ನೊಂದು ಮಾತು ನನಗೆ ಇಷ್ಟವಾಯಿತು: ವಾರಸುದಾರನಿಗೆ 'ನಿನಗಿಲ್ಲ' ಅಂದರಷ್ಟೇ ಸಾಲದು, ಆಸ್ತಿ ಬೇರೆ ಯಾರಿಗಾದರೂ ಸರಿಯಾಗಿ ಸೇರಬೇಕು. ಸೇರದಿದ್ದರೆ ಅದು ತಿರುಗಿ ವಾರಸುದಾರನಿಗೇ. ಅಂದರೆ ಜತೀಂದ್ರಮೋಹನ ಬದುಕಿರುವವರೆಗೆ ಅನುಭವಿಸಬಹುದು, ಆಮೇಲೆ ಆಸ್ತಿ ಅಪ್ಪ ಯಾರಿಗೆ ಬೇಡ ಅಂದಿದ್ದರೋ ಆ ಮಗನಿಗೆ!

ಗೆದ್ದ ಮಗ 1890ರಲ್ಲಿ ತೀರಿಕೊಂಡ. ಜತೀಂದ್ರಮೋಹನ 1908ರವರೆಗೆ ಬದುಕಿದ್ದ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಮಿತಾಕ್ಷರದ ಮನೆಗಳಲ್ಲೂ ಒಟ್ಟು ಆಸ್ತಿಯಲ್ಲಿನ ತನ್ನ ಪಾಲಿಗೆ ವಿಲ್ ಬರೆಯಬಹುದು. ತನ್ನ ಪಾಲಿಗೆ ಮಾತ್ರ, ಮಗನ ಪಾಲಿಗಲ್ಲ. ಮೊನ್ನೆ ಫೋನಿನಲ್ಲಿ ಚಿಕ್ಕಪ್ಪನನ್ನು ಕೇಳಿದೆ, "ತೋಟದಲ್ಲಿ ಮುತ್ತಜ್ಜನಿಂದ ಬಂದಿದ್ದು ಎಷ್ಟು, ದೊಡ್ಡಪ್ಪ ಕೊಂಡಿದ್ದು ಎಷ್ಟು?" ಸ್ವಲ್ಪ ಹೊತ್ತು ಮಾತೇ ಇಲ್ಲ. "ಹಳೇ ಪಹಣಿ ತೆಗೆಸಿ ನೋಡಬೇಕು ಕಣೋ" ಅಂದರು.