ವಿಶ್ವೇಶ್ವರಯ್ಯನವರ ಕೆರೆಗಳು ಮತ್ತು 111ನೇ ಆದೇಶ



ಬೀದರಿಗೋ ರಾಯಚೂರಿಗೋ ಬಸ್ಸು ಹಿಡಿಯಲು ನೀವು ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಹೋಗಿಯೇ ಇರುತ್ತೀರಿ. ಆ ನಿಲ್ದಾಣ ನಿಂತಿರುವುದು ಮೂಸಿ ನದಿಯ ಒಡಲಲ್ಲಿ ಎಂಬುದು ಬ್ಯಾಗು ಹೊತ್ತು ಓಡುವ ಆತುರದಲ್ಲಿ ಯಾರಿಗೂ ಹೊಳೆಯುವುದಿಲ್ಲ. 2025ರ ಸೆಪ್ಟೆಂಬರ್ ಕೊನೆಯ ವಾರ ನದಿ ತಾನೇ ಅದನ್ನು ನೆನಪಿಸಿತು. ಮೇಲಿನ ಜಲಾಶಯಗಳ ಗೇಟು ತೆರೆದಾಗ ನೀರು ನಿಲ್ದಾಣದೊಳಗೇ ನುಗ್ಗಿತು. ಪ್ರಯಾಣಿಕರನ್ನು ಸುರಕ್ಷಿತವಾಗಿ ಹೊರಗೆ ಕರೆತರಬೇಕಾಯಿತು.

ಕಾಕತಾಳೀಯವೆಂದರೆ, 1908ರಲ್ಲಿ ಮೂಸಿ ಈ ಊರನ್ನು ಕೊಚ್ಚಿಕೊಂಡು ಹೋದದ್ದೂ ಅದೇ ವಾರದಲ್ಲಿ, ಸೆಪ್ಟೆಂಬರ್ 28ರಂದು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜಿನ ಹುಣಸೆಮರವೊಂದನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರವನ್ನು ಊರಿನವರು ಇಂದಿಗೂ ನೆನೆಯುತ್ತಾರೆ.

ಈ ಕಥೆಯಲ್ಲಿ ನಮ್ಮವರೊಬ್ಬರು ಬರುವುದು ಇಲ್ಲಿಯೇ. ಮುಂಬೈ ಸರ್ಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಅವರು ಬಂದು ಜಲಾನಯನ ಪ್ರದೇಶವನ್ನು ಅಳೆದು ನೋಡಿದರು. ಅಲ್ಲಿ 788 ಕೆರೆಗಳಿದ್ದವು. ಪ್ರವಾಹದಲ್ಲಿ ಅವುಗಳ ಪೈಕಿ 221 ಒಡೆದುಹೋಗಿದ್ದವು. ಒಂದು ಕೆರೆ ಒಡೆದರೆ ಆ ನೀರಿನ ಭಾರ ಕೆಳಗಿನ ಕೆರೆಯ ಮೇಲೆ, ಅದು ಒಡೆದರೆ ಇನ್ನೂ ಕೆಳಗಿನದರ ಮೇಲೆ. ಹೀಗೆ ಕೂಡಿಕೊಂಡ ನೀರೆಲ್ಲ ಕೊನೆಗೆ ಊರಿನ ಮೇಲೆ ಬಂದಿತ್ತು.

ಊರಿನೊಳಗೆ ಗೋಡೆ ಕಟ್ಟಿದರೆ ಸಾಲದು, ಊರನ್ನು ಊರಿನ ಮೇಲ್ಗಡೆಯೇ ಕಾಯಬೇಕು ಎಂಬುದು ಅವರ ಸಲಹೆಯ ತಿರುಳು. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಗಂಡಿಪೇಟೆ ಎಂದರೆ ಈ ಉಸ್ಮಾನ್ ಸಾಗರವೇ. ಒಂದು ಮಾತು ಗಮನಿಸಿ: ಇವನ್ನು ಯೋಚಿಸಿದ್ದು ಮೊದಲು ಪ್ರವಾಹ ತಡೆಯಲು. ಕುಡಿಯುವ ನೀರು ಅದರ ಜೊತೆಗೆ ಬಂದ ವರ.

ಮುಂದೆ ಊರು ಬೆಳೆದು ಕೆರೆಗಳ ಹತ್ತಿರಕ್ಕೆ ಬಂತು. 1996ರ ಮಾರ್ಚ್ 8ರಂದು ಅಂದಿನ ಆಂಧ್ರಪ್ರದೇಶ ಸರ್ಕಾರ 111ನೇ ಆದೇಶ ಹೊರಡಿಸಿತು. ಎರಡೂ ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ಮಾಲಿನ್ಯ ಉಂಟುಮಾಡುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳಿಗೆ ನಿರ್ಬಂಧ ಹಾಕಿತು. 84 ಹಳ್ಳಿಗಳು, ಸುಮಾರು 1,32,600 ಎಕರೆ ಇದರೊಳಗೆ ಬಂದವು.

ಆದೇಶದ ಮೊದಲ ಪರೀಕ್ಷೆ ಬೇಗನೆ ಬಂತು. ಶಂಷಾಬಾದ್ ಬಳಿಯ ಪೆದ್ದಶಾಪುರದಲ್ಲಿ ಹರಳೆಣ್ಣೆ ಉತ್ಪನ್ನಗಳ ಕಾರ್ಖಾನೆಯೊಂದಕ್ಕೆ 1997ರಲ್ಲಿ ಸರ್ಕಾರವೇ ವಿನಾಯಿತಿ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಜನವರಿ ಮತ್ತು 2000ದ ಡಿಸೆಂಬರ್‌ನಲ್ಲಿ ಬಂದ ಎರಡು ತೀರ್ಪುಗಳು ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ. ಹಾನಿಯಾಗುವುದಿಲ್ಲ ಎಂದು ತೋರಿಸಬೇಕಾದವರು ಕಾರ್ಖಾನೆ ಹಾಕುವವರೇ ಎಂದು ನ್ಯಾಯಾಲಯ ಹೇಳಿತು. ಎಲ್ಲರಿಗೂ ನಿಷೇಧವಿರುವಾಗ ಒಬ್ಬರಿಗೆ ಮಾತ್ರ ಬಾಗಿಲು ತೆರೆಯುವಂತಿಲ್ಲ ಎಂದು ವಿನಾಯಿತಿಯನ್ನು ತಳ್ಳಿಹಾಕಿತು.

ಇಲ್ಲಿ ಶಾಸನಸಭೆಗಳ ಪಾತ್ರವೂ ಸ್ವಾರಸ್ಯಕರ. ಸಂವಿಧಾನದ ಪ್ರಕಾರ ನೀರು ರಾಜ್ಯಗಳ ವಿಷಯ. ಆದ್ದರಿಂದ 1974ರ ಜಲಮಾಲಿನ್ಯ ತಡೆ ಕಾಯ್ದೆಯನ್ನು ಸಂಸತ್ತು ತಾನಾಗಿಯೇ ಮಾಡುವಂತಿರಲಿಲ್ಲ. ರಾಜ್ಯಗಳ ಶಾಸನಸಭೆಗಳು ಮೊದಲು ಒಪ್ಪಿ ನಿರ್ಣಯ ಕಳಿಸಬೇಕಿತ್ತು. ಹಾಗೆ ಮೊದಲು ಕಳಿಸಿದ 12 ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಆಂಧ್ರಪ್ರದೇಶ ಕಾಯ್ದೆಯನ್ನು ಅಂಗೀಕರಿಸಿದ್ದು ಅನಂತರ.

ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರು, ಪರಿಸರ ವ್ಯಾಜ್ಯಗಳಲ್ಲಿ ನ್ಯಾಯಾಧೀಶರ ಜೊತೆ ವಿಜ್ಞಾನಿಗಳೂ ಕೂರಬೇಕು ಎಂದು ಸೂಚಿಸಿದರು. 2003ರಲ್ಲಿ ಅವರೇ ಅಧ್ಯಕ್ಷರಾಗಿದ್ದ ಕಾನೂನು ಆಯೋಗ ಅದನ್ನೇ ಶಿಫಾರಸು ಮಾಡಿತು. 2010ರಲ್ಲಿ ಸಂಸತ್ತು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಮಾಡಿತು. ದೇಶದ ಹಸಿರು ನ್ಯಾಯಮಂಡಳಿಯ ಬೇರುಗಳಲ್ಲೊಂದು ನಮ್ಮ ಹಿಮಾಯತ್ ಸಾಗರದ ದಡದಲ್ಲಿದೆ ಎಂದರೆ ತಪ್ಪಾಗದು.

ಆದರೂ ಒಂದು ದೌರ್ಬಲ್ಯ ಉಳಿದೇ ಇತ್ತು. 111 ಎಂಬುದು ಸದನ ಮತ ಹಾಕಿ ಮಾಡಿದ ಕಾಯ್ದೆಯಲ್ಲ, ಸರ್ಕಾರಿ ಆದೇಶ. ಸಹಿಯಿಂದ ಬಂದದ್ದು ಸಹಿಯಿಂದಲೇ ಹೋಗಬಹುದು. 2022ರ ಮಾರ್ಚ್‌ನಲ್ಲಿ ತೆಲಂಗಾಣ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ಈ ಆದೇಶದ ಅಗತ್ಯ ಈಗಿಲ್ಲ ಎಂದರು. ಏಪ್ರಿಲ್‌ನಲ್ಲಿ ಬಂದ 69ನೇ ಆದೇಶ, ನೀರಿನ ಗುಣಮಟ್ಟ ಕೆಡಬಾರದೆಂಬ ಷರತ್ತಿನೊಡನೆ, ನಿರ್ಬಂಧಗಳನ್ನು ತೆಗೆಯಿತು. ಕೃಷ್ಣಾ, ಗೋದಾವರಿ ನೀರು ಬಂದ ಮೇಲೆ ಊರಿನ ನೀರಿನಲ್ಲಿ ಈ ಎರಡು ಕೆರೆಗಳ ಪಾಲು ಶೇ. 1.25 ಮಾತ್ರ ಎಂಬುದು ಅದರ ವಾದ. 84 ಹಳ್ಳಿಗಳ ರೈತರ ಸಂಕಟವೂ ಸುಳ್ಳಲ್ಲ. ಗಡಿಯಾಚೆ ಭೂಮಿಯ ಬೆಲೆ ಏರುತ್ತಿದ್ದಾಗ ಇವರ ಹೊಲಕ್ಕೆ ಗಿರಾಕಿ ಇರಲಿಲ್ಲ. ಊರಿಗಾಗಿ ಅವರು ತೆತ್ತ ಬೆಲೆಗೆ ಪರಿಹಾರ ಸಿಗಬೇಕಿತ್ತು.

ಆದರೆ ಶೇ. 1.25 ಕುಡಿಯುವ ನೀರಿನ ಲೆಕ್ಕ. ಪ್ರವಾಹದ ಲೆಕ್ಕ ಅದರಲ್ಲಿಲ್ಲ. ಮೇಲಿನ ಹೊಲಗದ್ದೆಗಳು ಕಾಂಕ್ರೀಟಾದರೆ ಮಳೆನೀರು ಇಂಗುವುದಿಲ್ಲ, ಕೆರೆಗೆ ಒಮ್ಮೆಲೇ ಬರುತ್ತದೆ, ಗೇಟು ಬೇಗ ತೆರೆಯಬೇಕಾಗುತ್ತದೆ. ವಿಶ್ವೇಶ್ವರಯ್ಯನವರು ಕೆರೆ ಕಟ್ಟಿಸಲು ಹೇಳಿದ್ದು ಈ ಎರಡನೆಯ ಲೆಕ್ಕಕ್ಕಾಗಿ.

ಮುಂದಿನ ಸಲ ವಿಕಾರಾಬಾದ್ ದಾಟಿ ಕಲಬುರಗಿಯ ಕಡೆ ರೈಲಿನಲ್ಲಿ ಹೋಗುವಾಗ ಅನಂತಗಿರಿ ಬೆಟ್ಟಗಳತ್ತ ಒಮ್ಮೆ ನೋಡಿ. ಮೂಸಿ ಹುಟ್ಟುವುದು ಅಲ್ಲಿ. ಅಲ್ಲಿಂದ ಗಂಡಿಪೇಟೆಯವರೆಗಿನ ನೆಲವನ್ನು ಯಾರು ಹೇಗೆ ಬಳಸಬೇಕು ಎಂಬುದು ಒಂದು ಸಹಿಗೆ ಬಿಡುವ ವಿಷಯವಲ್ಲ. ಸದನದಲ್ಲಿ ಎಲ್ಲರೆದುರು ಚರ್ಚೆಯಾಗಿ ಕಾಯ್ದೆಯಾಗಬೇಕಾದ ವಿಷಯ. ನಿಮ್ಮ ಶಾಸಕರು ಮತ ಕೇಳಲು ಬಂದಾಗ ಇದನ್ನೂ ಒಂದು ಮಾತು ಕೇಳಿ.