ಮರುಳು: ಒಳಗಿನದೋ ಹೊರಗಿನದೋ

ಹುಚ್ಚು, ಭ್ರಮೆ, ಉನ್ಮಾದ, ಚಿತ್ತಚಾಂಚಲ್ಯ ಎಂದು ಬುದ್ಧಿ ಕದಡುವುದಕ್ಕೆ ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಆದರೂ ಭಯದ ಕಥೆಗಳಲ್ಲಿ ಮನಸ್ಸು ಮೆಲ್ಲಮೆಲ್ಲನೆ ಜಾರುವುದನ್ನು ಕಂಡಾಗ ನನ್ನ ನಾಲಗೆಗೆ ಬರುವುದು ‘ಮರುಳು’. ಹಳಗನ್ನಡದ ‘ಮರುಳ್’ ಎಂದರೆ ಬುದ್ಧಿಭ್ರಮಣೆಯೂ ಹೌದು, ಪಿಶಾಚಿಯೂ ಹೌದು. ರನ್ನನ ಗದಾಯುದ್ಧದಲ್ಲಿ ರಣಭೂಮಿಯ ಹೆಣಗಳ ನಡುವೆ ನಡೆವ ದುರ್ಯೋಧನನಿಗೆ ಎದುರಾಗುವ ಮರುಳು ಭೂತವೇ ಸರಿ. ಆದರೆ ಕವಿ ಸುಮ್ಮನೆ ಬಿಡುತ್ತಾನೆಯೇ? ಭೂತ ಯಾರು, ಬುದ್ಧಿಗೆಟ್ಟವನು ಯಾರು ಎಂಬ ಶ್ಲೇಷೆಗೂ ಅದೇ ಪದವನ್ನು ದುಡಿಸಿಕೊಳ್ಳುತ್ತಾನೆ. ಆಯುರ್ವೇದ ಒಳಗಿನಿಂದ ಹುಟ್ಟಿದ್ದು ‘ನಿಜ’, ಹೊರಗಿನಿಂದ ಬಂದದ್ದು ‘ಆಗಂತು’ ಎಂದು ಉನ್ಮಾದವನ್ನು ಬಗೆ ಮಾಡಿತು. ನಮ್ಮ ಮರುಳು ಆ ಗೆರೆ ಎಳೆಯುವ ಗೋಜಿಗೇ ಹೋಗಲಿಲ್ಲ. ಇತ್ತ ತೆಲುಗಿನ ‘ಮರುಲು’ ಮೋಹವಾಗಿ ಮೆತ್ತಗಾಯಿತು; ಕನ್ನಡದಲ್ಲೂ ರೂಪಕ್ಕೆ ಮರುಳಾದೆವು, ಮಾತಿಗೆ ಮರುಳುಗೊಂಡೆವು, ಮುಪ್ಪಿಗೆ ಅರುಳುಮರುಳು ಅಂಟಿಸಿದೆವು, ‘ಮರುಳೇ’ ಎಂದು ಅಕ್ಕರೆಯಿಂದ ಗದರಿದೆವು.

ಈ ಅಕ್ಕರೆಯೇ ಅಪಾಯದ್ದು. ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದ ಯೆಲ್ಲೋ ವಾಲ್‌ಪೇಪರ್’ ಕಥೆಯ ಬಾಣಂತಿಯನ್ನು ವೈದ್ಯನಾದ ಗಂಡ ಜಾನ್ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಮಗುವಿನಂತೆ ಮುದ್ದಿಸಿ, ವಿಶ್ರಾಂತಿಯೇ ಮದ್ದೆಂದು, ಕಿಟಕಿಗೆ ಸರಳು ಹಾಕಿದ ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ, ಬರೆಯಬೇಡ ಎನ್ನುತ್ತಾನೆ. (ಗಿಲ್ಮನ್ ತಾವೇ 1887ರಲ್ಲಿ ವಿಯರ್ ಮಿಚೆಲ್ ಎಂಬ ವೈದ್ಯರ ವಿಶ್ರಾಂತಿ ಚಿಕಿತ್ಸೆ ಪಡೆದವರು.) ಗೋಡೆಯ ಹಳದಿ ಕಾಗದ ಮೊದಲು ಬರೀ ಅಸಹ್ಯ, ಆಮೇಲೆ ಒಗಟು, ಆಮೇಲೆ ವಾಸನೆ, ಬೆಳದಿಂಗಳಲ್ಲಿ ಅದರ ಚಿತ್ತಾರವೇ ಸರಳುಗಳಾಗಿ, ಹಿಂದೆ ಒಬ್ಬ ಹೆಂಗಸು ತೆವಳುತ್ತಾಳೆ. ಕೊನೆಗೆ ಕಾಗದ ಕಿತ್ತುಹಾಕಿ, ಗೋಡೆಗುಂಟ ಹೆಗಲು ಒರಸುತ್ತ ತೆವಳುವವಳು ಇವಳೇ. ಮೂರ್ಛೆ ಹೋಗಿ ದಾರಿಗಡ್ಡ ಬಿದ್ದ ಗಂಡನನ್ನು ಪ್ರತಿ ಸುತ್ತಿನಲ್ಲೂ ಹಾಯಬೇಕು, ಅದೊಂದು ಕಿರಿಕಿರಿ. ಮರುಳನ್ನು ಕಂಡವಳು ತಾನೇ ಮರುಳಾದಳು, ಎರಡೂ ಅರ್ಥದಲ್ಲಿ.

ಸತೋಶಿ ಕೋನ್ ಅವರ ಮೊದಲ ಚಿತ್ರ, 1997ರ ಜಪಾನಿ ಅನಿಮೇಷನ್ ‘ಪರ್ಫೆಕ್ಟ್ ಬ್ಲೂ’ನಲ್ಲಿ ಮಾತ್ರ ಮರುಳು ಕವಲೊಡೆಯುತ್ತದೆ. ಹಾಡುವ ತಂಡ ಬಿಟ್ಟು ನಟಿಯಾದ ಮೀಮಾಳ ಹೆಸರಿನಲ್ಲಿ ಇಂಟರ್ನೆಟ್‌ನಲ್ಲಿ ಯಾರೋ ದಿನಚರಿ ಬರೆಯುತ್ತಾರೆ, ಅವಳ ದಿನದ ಚಿಲ್ಲರೆ ವಿವರಗಳ ಸಮೇತ. ಓದಿ ಮೊದಲು ನಗುತ್ತಾಳೆ, ಆಮೇಲೆ ನಿನ್ನೆ ತಾನೇನು ಮಾಡಿದೆನೆಂದು ಅದನ್ನೇ ಕೇಳುವ ಹಾಗಾಗುತ್ತದೆ. ಗಾಜಿನಲ್ಲಿ ಕಾಣಿಸಿಕೊಂಡ ಹಳೆಯ ಮೀಮಾ, ನಿಜವಾದವಳು ನಾನೇ ಎನ್ನುತ್ತಾಳೆ. ಆದರೆ ಇಲ್ಲಿ ಮೀಮಾ ಮರುಳು ಕಂಡವಳು, ಅಷ್ಟೇ. ಮರುಳಾದವಳು ಒಂದು ಕಾಲಕ್ಕೆ ತಾನೂ ಗಾಯಕಿಯಾಗಿದ್ದ, ಈಗ ಅವಳ ವ್ಯವಹಾರ ನೋಡುವ ರೂಮಿ. ಕೆಂಪು ಉಡುಪು ತೊಟ್ಟು ತಾನೇ ಮೀಮಾ ಎಂದು ಬೆನ್ನಟ್ಟುವವಳು, ಎದುರು ಬಂದ ಲಾರಿಯ ದೀಪವನ್ನು ರಂಗದ ಬೆಳಕೆಂದು ಕೈಚಾಚಿ ಸ್ವಾಗತಿಸುವವಳು. ಇದು ತೆಲುಗಿನ ಮರುಲಿಗೆ ಹತ್ತಿರದ ಮೋಹ, ಹುಳಿತು ಪಿಶಾಚಿಯಾದದ್ದು.

ಗಿಲ್ಮನ್ ಕಥೆಯ ಅವನತಿ ಏಕಾಂತದ್ದು. ಒಂದು ಕೋಣೆ, ಒಂದು ಗೋಡೆ. ಕೋನ್ ಚಿತ್ರದ್ದು ಸಂತೆಯದು, ಹಾಗಾಗಿ ನಾವು ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯನ್ನು ಧಾರಾಳವಾಗಿ ಅದಕ್ಕೆ ಕೊಡಬಹುದು. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಕೋಣೆಯೇ. ಜಾತ್ರೆ ಮರುಳು ಮಾಡಿತೆಂದರೆ ಯಾರಾದರೂ ನಂಬಿಯಾರು, ಮದ್ದು ಕೊಟ್ಟ ಗಂಡನೇ ಮಾಡಿದನೆಂದರೆ ‘ಅಯ್ಯೋ ಮರುಳೇ’ ಎಂದುಬಿಡುತ್ತಾರೆ.